ಗೋಡೆಯಾಚೆಯ ಮಗ್ಗ

"ಗುರುಗಳೇ, ಹೊಟ್ಟೆಕಿಚ್ಚಿಗೆ ಮದ್ದುಂಟೆ?" ಎಂದು ಚೆನ್ನವೀರ ಕೇಳಿದ.

"ಯಾರ ಮೇಲೆ?" ಎಂದರು ಗುರುಗಳು.

"ಗುರುಪಾದನ ಮೇಲೆ. ಇಬ್ಬರೂ ಒಂದೇ ದಿನ ಮಠಕ್ಕೆ ಬಂದವರು. ಮೊನ್ನೆ ಮೊನ್ನೆಯವರೆಗೆ ನನಗಿಂತ ಹಿಂದೆ ಇದ್ದ. ಈಗ ನಾನು ಮಲಗುವಾಗಲೂ ಓದುತ್ತಿರುತ್ತಾನೆ, ಏಳುವಾಗಲೂ ಓದುತ್ತಿರುತ್ತಾನೆ. ನಾನು ಒಂದು ಪದ್ಯ ಬಾಯಿಪಾಠ ಮಾಡುವಷ್ಟರಲ್ಲಿ ಅವನು ಹತ್ತಕ್ಕೆ ಅರ್ಥ ಹೇಳಿ ಮುಗಿಸುತ್ತಾನೆ. ಹೊದ್ದ ಕಂಬಳಿಯನ್ನು ದಾರಿಹೋಕನಿಗೆ ಕೊಟ್ಟುಬಿಟ್ಟ. ಜನ ಈಗಲೇ ಅವನ ಕಾಲಿಗೆ ಬೀಳುತ್ತಿದ್ದಾರೆ. ನನಗೆ ಅನ್ನ ಸೇರುತ್ತಿಲ್ಲ."

ಗುರುಗಳು ನಕ್ಕರು. "ಸೇರದಿದ್ದರೆ ಮಠಕ್ಕೆ ನಾಲ್ಕು ತುತ್ತು ಉಳಿಯಿತು. ಕುಳಿತುಕೋ, ಒಂದು ಕತೆ ಹೇಳುತ್ತೇನೆ" ಎಂದರು.

ಒಂದು ಊರಿನಲ್ಲಿ ಇಬ್ಬರು ನೇಕಾರರಿದ್ದರು. ಎರಡು ಮನೆಗೂ ನಡುವೆ ಒಂದೇ ಗೋಡೆ. ಈಚೆ ಹಿರಿಯವನ ಮಗ್ಗ, ಆಚೆ ಕಿರಿಯವನ ಮಗ್ಗ. ನೇಕಾರನಿಗೆ ನೆರೆಯವನ ಕೆಲಸ ತಿಳಿಯಲು ಕಣ್ಣು ಬೇಕಿಲ್ಲ. ಲಾಳಿಯ ಸದ್ದು ಕೇಳಿದರೆ ಸಾಕು.

ಕಿರಿಯವನಿಗೆ ಆಗಾಗ ಒಂದು ಕಾಲ ಬರುತ್ತಿತ್ತು. ಆಗ ಅವನ ಮಗ್ಗ ಹಗಲಿರುಳೂ ನಿಲ್ಲುತ್ತಿರಲಿಲ್ಲ. ಯಾರೂ ಕಾಣದ ಅಂಚು, ಯಾರೂ ಕಾಣದ ಸೆರಗು ನೇಯುತ್ತಿದ್ದ. ನೇಯ್ದದ್ದನ್ನು ಬೀದಿಯಲ್ಲಿ ಹೋಗುವವರಿಗೆ ಹಂಚುತ್ತಿದ್ದ. ಅರಸನೇ ನನ್ನ ಬಾಗಿಲಿಗೆ ಬರುತ್ತಾನೆ ಎನ್ನುತ್ತಿದ್ದ. ಅಲ್ಲವೆಂದವರ ಮೇಲೆ ಎಗರಿಬೀಳುತ್ತಿದ್ದ. ಅವನ ಕೈಯಲ್ಲಿ ದೇವರಿದ್ದಾನೆ ಎಂದು ಊರು ಹೊಗಳಿತು. ಹಿರಿಯವನ ಹೊಟ್ಟೆ ಧಗಧಗ ಉರಿಯಿತು. ಅವನು ಗೋಡೆಗೆ ಕಿವಿಯಿಟ್ಟು ಕೂತ. ಆಚೆಯ ಮಗ್ಗ ನಿಲ್ಲುವವರೆಗೆ ಇವನಿಗೂ ನಿದ್ದೆಯಿಲ್ಲ.

ಆಮೇಲೆ ಒಂದು ದಿನ ಮಗ್ಗ ನಿಂತುಹೋಗುತ್ತಿತ್ತು. ಕಿರಿಯವನು ಮುಸುಕು ಹಾಕಿ ಮಲಗಿದರೆ ಏಳುತ್ತಿರಲಿಲ್ಲ. ಊಟವಿಲ್ಲ, ಮಾತಿಲ್ಲ. ಹಿರಿಯವನಿಗೆ ಹಾಲು ಕುಡಿದಷ್ಟು ಸಂತೋಷ. ಆಗ ಅವನು ಗೊರಕೆ ಹೊಡೆದು ನಿದ್ದೆ ಮಾಡುತ್ತಿದ್ದ.

ಒಂದು ಸಲ ಹಾಗೆ ಮಲಗಿದ ಕಿರಿಯವನು ಸಾಯುವ ಮಾತಾಡಿದ. ಹೆಂಡತಿ ಹೆದರಿ ವೈದ್ಯರನ್ನು ಕರೆಸಿದಳು. ಹಿರಿಯವನು ನೆರೆಹೊರೆಯ ನೆಪದಲ್ಲಿ ಹೋಗಿ ಬಾಗಿಲಲ್ಲಿ ನಿಂತ.

"ಇದಕ್ಕೆ ಮೊದಲು ಹೇಗಿದ್ದ?" ಎಂದು ವೈದ್ಯರು ಕೇಳಿದರು.

"ಬಂಗಾರದಂತಿದ್ದರು ಸ್ವಾಮಿ. ಮನೆಯಲ್ಲಿ ದಿನವೂ ಹಬ್ಬ. ಅದೇ ಹುಮ್ಮಸ್ಸು ಮರಳಿ ಬರುವಂಥ ಮದ್ದು ಕೊಡಿ" ಎಂದಳು ಹೆಂಡತಿ.

ಅವಳೇನೂ ಬೇಕೆಂದು ಮುಚ್ಚಿಡಲಿಲ್ಲ. ಪ್ರೀತಿಸಿದವರಿಗೆ ಹಬ್ಬವೇ ನೆನಪಿರುತ್ತದೆ. ವೈದ್ಯರು ಹುಮ್ಮಸ್ಸು ಎಬ್ಬಿಸುವ ಮದ್ದನ್ನು ಹೊರತೆಗೆದರು.

ಹಿರಿಯವನು ನಿಂತಲ್ಲೇ ತಳಮಳಿಸಿದ. ಸುಮ್ಮನಿದ್ದರೆ ಆಯಿತು. ಆಚೆಯ ಮಗ್ಗ ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ, ಒಂದು ದಿನ ನಿಂತೇಬಿಡುತ್ತದೆ. ಆಮೇಲೆ ಊರಿಗೆ ತಾನೊಬ್ಬನೇ ನೇಕಾರ. ಇಷ್ಟು ವರ್ಷ ಮನಸ್ಸಿನಲ್ಲಿ ಬೇಡಿಕೊಂಡದ್ದೂ ಅದನ್ನೇ. ಆಗ ಮುಸುಕಿನಿಂದ ಹೊರಗೆ ಬಿದ್ದಿದ್ದ ಕೈ ಅವನ ಕಣ್ಣಿಗೆ ಬಿತ್ತು. ಇಂಥ ಕೈ ತನಗಿರಬಾರದಿತ್ತೇ ಎಂದು ಹಂಬಲಿಸಿದ ಕೈ ಅದು. ಒಂದು ನೊಣ ಅದರ ಮೇಲೆ ಕೂತಿತ್ತು. ಕೈ ಅದನ್ನು ಓಡಿಸಲಿಲ್ಲ.

"ಸುಳ್ಳು!" ಎಂದು ಹಿರಿಯವನು ಕೂಗಿದ. "ಅವು ಒಳ್ಳೆಯ ದಿನಗಳಲ್ಲ ಸ್ವಾಮಿ. ಆಗ ಇವನು ಮಲಗುವುದೇ ಇಲ್ಲ. ಮೊದಲು ಹಾಡುತ್ತಾನೆ. ಆಮೇಲೆ ಲಾಳಿ ಓಡುತ್ತದೆ. ಕೊನೆಗೆ ನೂಲು ಹರಿದರೂ ನಿಲ್ಲಿಸದೆ ಬರಿ ಮಗ್ಗವನ್ನೇ ಬಡಿಯುತ್ತಾನೆ. ಅದಾದಮೇಲೆ ಹೀಗೆ ಬೀಳುತ್ತಾನೆ. ಪ್ರತಿ ಸಲವೂ ಹೀಗೆಯೇ."

"ಮನೆಯವರಿಗೆ ಕಾಣದ್ದು ನಿನಗೆ ಹೇಗೆ ಕಂಡಿತು?"

"ಹೊಟ್ಟೆಕಿಚ್ಚು ಸ್ವಾಮಿ" ಎಂದು ಅವನು ತಲೆ ತಗ್ಗಿಸಿದ. "ಅದು ಕಣ್ಣು ಮುಚ್ಚಗೊಡುವುದಿಲ್ಲ."

ವೈದ್ಯರು ತೆಗೆದ ಮದ್ದನ್ನು ಮತ್ತೆ ಚೀಲಕ್ಕೆ ಹಾಕಿದರು. "ಬೀಳುವುದನ್ನು ರೋಗವೆಂದಿರಿ, ಏರುವುದನ್ನು ವರವೆಂದಿರಿ. ಎರಡೂ ಸೇರಿ ಒಂದೇ ರೋಗ. ಈ ಮದ್ದು ಕೊಟ್ಟಿದ್ದರೆ ಬೆಂಕಿಗೆ ತುಪ್ಪ ಸುರಿದಂತಾಗುತ್ತಿತ್ತು" ಎಂದರು. ಏರಿಳಿತ ಎರಡನ್ನೂ ಹಿಡಿದು ನಿಲ್ಲಿಸುವ ಬೇರೆ ಮದ್ದು ಕೊಟ್ಟರು. ಚೆನ್ನಾಗಿರುವ ದಿನವೂ ಅದನ್ನು ತಪ್ಪಿಸಬಾರದು, ಹೊತ್ತಿಗೆ ಸರಿಯಾಗಿ ಮಲಗಬೇಕು ಎಂದರು. ಹಿರಿಯವನಿಗೂ ಒಂದು ಕೆಲಸ ಹಚ್ಚಿದರು. ದೀಪ ಆರಿಸುವ ಹೊತ್ತು ಮೀರಿಯೂ ಆಚೆಯ ಮಗ್ಗ ಸದ್ದು ಮಾಡಿದರೆ ಅವನು ಗೋಡೆ ತಟ್ಟಬೇಕು.

ಕಿರಿಯವನು ನಿಧಾನವಾಗಿ ಎದ್ದ. ನಡುವೆ ಒಮ್ಮೆ, ಗುಣವಾಯಿತಲ್ಲ ಇನ್ನೇಕೆ ಎಂದು ಮದ್ದು ಬಿಟ್ಟ. ಹಾಡು ಶುರುವಾಯಿತು, ಲಾಳಿ ಓಡಿತು. ಹಿರಿಯವನು ಗೋಡೆ ತಟ್ಟಿದ. ಹೆಂಡತಿ ಎದ್ದಳು, ವೈದ್ಯರು ಬಂದರು, ಮದ್ದು ಮುಂದುವರಿಯಿತು. ಅವನು ಈಗಲೂ ಒಳ್ಳೆಯ ಸೀರೆಯನ್ನೇ ನೇಯುತ್ತಾನೆ, ಹಗಲು ಮಾತ್ರ.

ಕತೆ ಮುಗಿಯಿತು.

"ಹಿರಿಯವನ ಹೊಟ್ಟೆಕಿಚ್ಚು ಹೋಯಿತೆ?" ಎಂದು ಚೆನ್ನವೀರ ಕೇಳಿದ.

"ಎಲ್ಲಿ ಹೋಗುತ್ತದೆ? ಈಗ ಕಿರಿಯವನ ಸುಖನಿದ್ದೆ ಕಂಡು ಹೊಟ್ಟೆ ಉರಿದುಕೊಳ್ಳುತ್ತಾನೆ."

ಚೆನ್ನವೀರ ನಕ್ಕ. ಗುರುಗಳು ನಗಲಿಲ್ಲ.

"ಗುರುಪಾದನ ಚಾಪೆ ನಿನ್ನ ಚಾಪೆಯ ಪಕ್ಕದಲ್ಲೇ ಇದೆ, ಅವನು ಅದರ ಮೇಲೆ ಮಲಗಿದ್ದನ್ನು ನೀನು ಕೊನೆಯ ಸಲ ಕಂಡದ್ದು ಯಾವಾಗ?"