ಆರು ಲೋಟ ವಿಸ್ಕಿ, ಒಂದು ನಾಲಿಗೆ

ಕೆಂಚನಗಡದ ದೊರೆ ಮುದ್ದುಲಿಂಗನಾಯಕರಿಗೆ ಇದ್ದದ್ದು ಹನ್ನೆರಡೇ ಹಳ್ಳಿ, ಜಂಬ ಮಾತ್ರ ಚಕ್ರವರ್ತಿಯದು. ಅದರಲ್ಲೂ ವಿಸ್ಕಿಯ ವಿಷಯ ಬಂತೋ, ಮುಗಿಯಿತು. ಕಣ್ಣಿಗೆ ಬಟ್ಟೆ ಕಟ್ಟಿ ಲೋಟ ಕೊಟ್ಟರೂ ಅದು ಎಲ್ಲಿಯದು, ಎಷ್ಟು ವರ್ಷ ಪೀಪಾಯಿಯಲ್ಲಿತ್ತು ಅಂತ ಹೇಳಿಬಿಡುತ್ತೇನೆ ಎಂದು ದಿನಕ್ಕೆರಡು ಸಲವಾದರೂ ದರ್ಬಾರಿನಲ್ಲಿ ಕೊಚ್ಚಿಕೊಳ್ಳುತ್ತಿದ್ದರು. ದಿವಾನ್ ಶಾಮಣ್ಣನವರು ಹೂಂಗುಟ್ಟುತ್ತಿದ್ದರು. ಅವರಿಗೆ ಸಂಬಳ ಸಿಗುತ್ತಿದ್ದದ್ದೇ ಅದಕ್ಕೆ ಅಂತ ನನ್ನ ಅನುಮಾನ.

ಒಂದು ದಿನ ಈ ದಿವಾನರು ದೊರೆಯ ಕಿವಿ ಊದಿದರು. ಊರ ಹೊರಗೆ ಚೌಡಮ್ಮ ಅಂತ ಒಬ್ಬ ವಿಧವೆ. ಅವಳ ಗಂಡ ಬಿಳಿ ದೊರೆಯೊಬ್ಬನ ಕಾಫಿ ತೋಟದಲ್ಲಿದ್ದಾಗ ಕಲಿತು ಬಂದ ವಿದ್ಯೆಯಂತೆ, ಜವೆಗೋಧಿ ಮೊಳಕೆ ಬರಿಸಿ, ಭಟ್ಟಿ ಇಳಿಸಿ, ಹೊನ್ನೆ ಮರದ ಪೀಪಾಯಿಯಲ್ಲಿ ಏಳು ವರ್ಷ ಇಟ್ಟು ಮಾರುತ್ತಾಳೆ. ಸಾಲದ್ದಕ್ಕೆ ಅದನ್ನು ವಿಸ್ಕಿ ಅಂತಲೇ ಕರೆಯುತ್ತಾಳೆ! ಬಿಳಿಯರ ಸೀಮೆಯಿಂದ ಹಡಗಿನಲ್ಲಿ ಬರುವ ಒಂದು ಸೀಸೆಯ ದುಡ್ಡಿಗೆ ಅವಳಲ್ಲಿ ಇಪ್ಪತ್ತು ಸೀಸೆ ಬರುತ್ತದೆ. ಸೋಮವಾರ ಇಂಗ್ಲಿಷರ ರೆಸಿಡೆಂಟ್ ಸಾಹೇಬರು ಅರಮನೆಗೆ ಊಟಕ್ಕೆ ಬರುವವರಿದ್ದರು. ಅವರ ಕಿವಿಗೆ ಇದು ಬಿದ್ದರೆ ನಮ್ಮ ಮರ್ಯಾದೆ ಏನಾಗಬೇಕು ಅಂದರು ದಿವಾನರು. ದೊರೆ ಕೆಂಡಾಮಂಡಲವಾದರು. ನಾಳೆಯೇ ಅವಳ ಪೀಪಾಯಿಗಳನ್ನೆಲ್ಲ ಒಡೆಯಿರಿ ಎಂದು ಅಪ್ಪಣೆಯಾಯಿತು.

ಚೌಡಮ್ಮ ಬಿದ್ದೆನೋ ಎದ್ದೆನೋ ಅಂತ ಓಡಿದ್ದು ತಿಪ್ಪಯ್ಯನ ಮನೆಗೆ. ತಿಪ್ಪಯ್ಯ ದೊರೆಯ ಪಕ್ಕ ನಿಂತು ಎಲೆಅಡಿಕೆ ಮಡಿಸಿ ಕೊಡುವವನು. ದೊರೆಗೆ ಎದುರು ಮಾತಾಡಿಯೂ ತಲೆ ಉಳಿಸಿಕೊಂಡಿದ್ದವನು ಆ ಊರಲ್ಲಿ ಅವನೊಬ್ಬನೇ.

"ಹನ್ನೊಂದು ಪೀಪಾಯಿ ಕಣೋ ತಿಪ್ಪಣ್ಣ," ಎಂದಳು ಚೌಡಮ್ಮ. "ನಮ್ಮ ಯಜಮಾನರು ಕೈಯಾರೆ ತುಂಬಿಟ್ಟು ಹೋದದ್ದು. ಅವನ್ನ ಒಡೆದರೆ ನಾನು ಮಕ್ಕಳನ್ನ ಕಟ್ಟಿಕೊಂಡು ಎಲ್ಲಿಗೆ ಹೋಗಲಿ?"

ತಿಪ್ಪಯ್ಯ ಅವಳನ್ನು ಜಗಲಿಯ ಮೇಲೆ ಕೂರಿಸಿದ. ಒಂದು ಸೀಸೆ ಕೊಟ್ಟು ಹೋಗಕ್ಕ ಎಂದ.

ಮರುದಿನ ಬೆಳಿಗ್ಗೆ ಗುದ್ದಲಿ ಹಿಡಿದ ಆಳುಗಳು ಹೊರಡುವ ಹೊತ್ತಿಗೆ ತಿಪ್ಪಯ್ಯ ದೊರೆಯ ಮುಂದೆ ಕೈಮುಗಿದು ನಿಂತ. ಒಡೆಯುವುದು ಒಡೆಯೋಣ, ಆದರೆ ರುಚಿ ನೋಡದೆ ಒಡೆಸಿದರು ಅಂತ ಜನ ಆಡಿಕೊಳ್ಳಬಾರದಲ್ಲ ಅಂದ. ಆರು ಲೋಟ ಇಡುವುದು, ಐದರಲ್ಲಿ ಸೀಮೆಯದು, ಒಂದರಲ್ಲಿ ಚೌಡಮ್ಮಂದು. ದೊರೆ ಕಣ್ಣು ಕಟ್ಟಿಕೊಂಡು ಅದನ್ನು ಗುರುತು ಹಿಡಿದರೆ ಪೀಪಾಯಿಗಳ ಜೊತೆಗೆ ತನ್ನ ಕೆಲಸವೂ ಹೋಗಲಿ ಎಂದ.

ದೊರೆಗೆ ಅಷ್ಟೇ ಸಾಕಾಗಿತ್ತು. ಮೀಸೆಯ ಮೇಲೆ ಕೈ ಹೋಯಿತು.

ಕಂಬದ ಮರೆಯಲ್ಲಿ ನಿಂತಿದ್ದ ಚೌಡಮ್ಮ ತಿಪ್ಪಯ್ಯನನ್ನು ಕೈಸನ್ನೆ ಮಾಡಿ ಕರೆದಳು. ತಿಪ್ಪಯ್ಯ ಹತ್ತಿರ ಬಂದಾಗ, ಇದರಲ್ಲಿ ಹೊನ್ನೆ ಮರದ ವಾಸನೆ ಇದೆ, ದೊರೆ ಹಿಡಿದೇ ಹಿಡೀತಾರೆ ಎಂದು ಗೋಗರೆದಳು.

"ಹಿಡೀತಾರೆ," ಎಂದ ತಿಪ್ಪಯ್ಯ. "ಹಿಡೀಲಿ ಬಿಡಕ್ಕ."

ಆರು ಬೆಳ್ಳಿ ಲೋಟ ಬಂದವು, ಎಲ್ಲದರಲ್ಲೂ ಒಂದೇ ಅಳತೆ. ದರ್ಬಾರಿನವರೆಲ್ಲ ಒತ್ತಿಕೊಂಡು ಹತ್ತಿರ ಬಂದರು. ದೊರೆ ಕುಡಿದು ಬಿಟ್ಟದ್ದು ದರ್ಬಾರಿನವರಿಗೆ ಸೇರಬೇಕು ಅನ್ನುವುದು ಆ ಅರಮನೆಯ ಪದ್ಧತಿ. ಹಾಗಾಗಿ ಅವರ ಕಣ್ಣು ದೊರೆಯ ಮುಖಕ್ಕಿಂತ ಲೋಟದ ಮೇಲೇ ಇತ್ತು. ರುಚಿ ನೋಡುವವನು ಕುಡಿಯುವುದಿಲ್ಲ, ನಾಲಿಗೆ ಒದ್ದೆ ಮಾಡಿಕೊಂಡು ಕೆಳಗಿಡುತ್ತಾನೆ ಎಂದು ದೊರೆ ಎಲ್ಲರಿಗೂ ಪಾಠ ಹೇಳಿ ಕಣ್ಣು ಕಟ್ಟಿಸಿಕೊಂಡರು.

ಮೊದಲನೆಯದರಲ್ಲಿ ಒಂದು ಗುಟುಕು. ಹೊಗೆ ಜಾಸ್ತಿ, ಹತ್ತು ವರ್ಷದ್ದು, ಸೀಮೆಯದೇ ಅಂದರು. ಎರಡನೆಯದು ದ್ವೀಪದ್ದು, ಉಪ್ಪುಗಾಳಿ ಕುಡಿದಿದೆ ಅಂದರು. ಮೂರನೆಯದು ಹನ್ನೆರಡು ವರ್ಷದ್ದು ಅಂದರು. ಮೂರೂ ಸರಿ. ಸುಳ್ಳು ಯಾಕೆ ಹೇಳಲಿ, ಆ ನಾಲಿಗೆಗೆ ನಿಜಕ್ಕೂ ಗೊತ್ತಿತ್ತು.

ನಾಲ್ಕನೆಯದನ್ನು ಬಾಯಿಗಿಟ್ಟವರು ಲೋಟ ಕೆಳಗಿಡಲಿಲ್ಲ. ಇನ್ನೊಂದು ಗುಟುಕು ತೆಗೆದುಕೊಂಡರು. ಐದು, ಆರನ್ನು ಬೇಗಬೇಗ ನಾಲಿಗೆಗೆ ತಾಕಿಸಿ ಕೆಳಗಿಟ್ಟು, ನಾಲ್ಕನೆಯದನ್ನು ಮತ್ತೆ ಕೊಡು ಎಂದರು. ಏನೋ ಮರದ ವಾಸನೆ ಬರುತ್ತಿದೆ, ಯಾವ ಮರ ಅಂತ ತಿಳಿಯಬೇಕು. ತಿಳಿಯಲಿಲ್ಲವಂತೆ, ಮತ್ತೆ ಕೊಡು. ತಿಪ್ಪಯ್ಯ ಕೇಳಿದಾಗೆಲ್ಲ ಭಕ್ತಿಯಿಂದ ಕೈಗಿಡುತ್ತಲೇ ಇದ್ದ. ಕೆಟ್ಟದ್ದರ ಕೆಟ್ಟತನ ಒಂದೇ ಸಲಕ್ಕೆ ಗೊತ್ತಾಗುವುದಿಲ್ಲ ಎಂದು ದಿವಾನರು ಸುತ್ತಲಿದ್ದವರಿಗೆ ವಿವರಿಸಿದರು.

ಕೊನೆಗೆ ದೊರೆ ತುಟಿ ಒರೆಸಿಕೊಂಡರು. "ನಾಲ್ಕನೆಯದೇ ಚೌಡಮ್ಮಂದು. ಊರ ಸರಕು. ಒಡೆಯಿರಿ ಪೀಪಾಯಿ."

ಕಂಬದ ಹಿಂದೆ ಚೌಡಮ್ಮ ಸೆರಗು ಬಾಯಿಗೊತ್ತಿ ಅತ್ತಳು. ತಿಪ್ಪಯ್ಯ ಎಲೆಅಡಿಕೆಯ ಚೀಲವನ್ನು ಹೆಗಲಿನಿಂದ ಇಳಿಸಿ ದೊರೆಯ ಕಾಲ ಬಳಿ ಇಟ್ಟ, ಆಮೇಲೆ ಅವರ ಕಣ್ಣಿನ ಬಟ್ಟೆ ಬಿಚ್ಚಿದ.

"ಸರಿಯಾಗಿ ಹಿಡಿದಿರಿ ಮಹಾಸ್ವಾಮಿ. ನಾನು ಸೋತೆ, ಕೆಲಸ ಬಿಟ್ಟೆ. ಆದರೆ ಪದ್ಧತಿಯಂತೆ ಉಳಿದದ್ದನ್ನು ದರ್ಬಾರಿಗೆ ಹಂಚಿ ಹೋಗಬೇಕಲ್ಲ. ಸೀಮೆಯ ಐದು ಲೋಟದಲ್ಲಿ ಎಲ್ಲರಿಗೂ ಸಾಕಾಗುವಷ್ಟಿದೆ. ಈ ಊರ ಸರಕಿನ ಲೋಟದಲ್ಲಿ ಮಾತ್ರ, ನೊಣ ಬಿದ್ದರೂ ಅದರ ಕಾಲು ಒದ್ದೆಯಾಗುವುದಿಲ್ಲ."

ದೊರೆ ಬಗ್ಗಿ ನೋಡಿದರು. ಐದು ಲೋಟ ತುಂಬಿಕೊಂಡಿದ್ದವು, ನಾಲ್ಕನೆಯದರ ತಳ ಫಳಫಳ ಹೊಳೆಯುತ್ತಿತ್ತು. ದರ್ಬಾರಿನವರೂ ಕತ್ತು ಚಾಚಿ ನೋಡಿದರು. ದೊರೆಯ ಹೊಟ್ಟೆ ಮೊದಲು ಕುಲುಕಿತು, ಆಮೇಲೆ ನಗು ಹೊರಗೆ ಬಂತು. ನಕ್ಕು ನಕ್ಕು ಕಣ್ಣೀರು ಒರೆಸಿಕೊಂಡು, ಚೀಲವನ್ನು ತಾವೇ ಎತ್ತಿ ತಿಪ್ಪಯ್ಯನ ಹೆಗಲಿಗೆ ಹಾಕಿದರು. ಗುದ್ದಲಿಯವರನ್ನು ವಾಪಸು ಕರೆಸಿದರು. ಹನ್ನೊಂದು ಪೀಪಾಯಿಗೂ ಅವಳು ಕೇಳಿದ ಬೆಲೆ ಕೊಟ್ಟು ಅರಮನೆಗೆ ತರಿಸಿ ಎಂದರು.

ದಿವಾನರು ತಲೆ ಕೆರೆದುಕೊಳ್ಳುತ್ತ ಮುಂದೆ ಬಂದರು. ಹಾಗಾದರೆ ಸೋಮವಾರ ಸಾಹೇಬರಿಗೂ ಚೌಡಮ್ಮನದನ್ನೇ ಕೊಡುವುದೋ ಎಂದು ಕೇಳಿದರು.

ದೊರೆ ಖಾಲಿ ಲೋಟವನ್ನು ತಿಪ್ಪಯ್ಯನ ಕಡೆ ಚಾಚಿದರು.

"ಅವರಿಗೆ ಅವರ ಊರಿನದನ್ನೇ ಕೊಡಿ," ಎಂದರು. "ಇದು ನಮಗೇ ಸಾಲದು."