ಮುಟ್ಟದೆ ಕಾಯ್ದವರು

ಹಿಮಬೆಟ್ಟವೊಂದರ ಮೇಲೆ ತಗಡಿನ ಮಾಡಿನ ಒಂದು ಪುಟ್ಟ ಕೋಣೆ. ಒಂದು ಗೋಡೆಗೆ ದೇವಿಯ ಪಟ, ಎದುರು ಗೋಡೆಯ ಬಳಿ ಮಡಿಸಿಟ್ಟ ನಮಾಜಿನ ಚಾಪೆ, ನಡುವೆ ಹೊಗೆಯಾಡುವ ಸೀಮೆಎಣ್ಣೆ ಒಲೆ. ಸೈನ್ಯದ ಆ ತುಕಡಿಯ ಪ್ರಾರ್ಥನಾ ಸ್ಥಳವೆಂದರೆ ಅಷ್ಟೇ. ಅದನ್ನು ದಿನವೂ ತಮ್ಮ ಕೈಯಾರೆ ಗುಡಿಸಿ, ಪಟದ ಮುಂದಿನ ದೀಪಕ್ಕೆ ಎಣ್ಣೆ ತೀರದಂತೆ ನೋಡಿಕೊಳ್ಳುತ್ತಿದ್ದವರು ವಿಜಾಪುರ ಸೀಮೆಯ ಪೂಜ್ಯ ದಸ್ತಗೀರಸಾಹೇಬರು. ಅವರು ಸೈನ್ಯವೇ ನೇಮಿಸಿದ ಮೌಲ್ವಿಗಳು. ರಜೆಗೆಂದು ಊರಿಗೆ ಹೋಗಿದ್ದ ದೇವಿಪೂಜೆಯ ಪಂಡಿತರು ಹಿಮ ಬಿದ್ದು ದಾರಿ ಮುಚ್ಚಿ ಅಲ್ಲೇ ಉಳಿದಿದ್ದರಿಂದ, ಆ ಚಳಿಗಾಲದಲ್ಲಿ ಎಲ್ಲ ಜವಾನರಿಗೂ ಅವರೊಬ್ಬರೇ ಗುರುಗಳು.

ನಾಯಕ್ ಅಡಿವೆಪ್ಪನಿಗೆ ಮಾತ್ರ ಇದು ಒಪ್ಪಿಗೆಯಿರಲಿಲ್ಲ. ಬೈಲಹೊಂಗಲದ ಕಡೆಯ ಲಿಂಗವಂತ. ಬೆಳಿಗ್ಗೆ ಇಷ್ಟಲಿಂಗದ ಪೂಜೆಯಾಗದೆ ಹನಿ ನೀರನ್ನೂ ಬಾಯಿಗೆ ಬಿಡದವನು. "ಸಾಹೇಬ್ರು ಭಾಳ ಚಲೋ ಮನಿಷ್ಯಾ, ಖರೆ. ಆದ್ರ ನಮ್ಮದು ಅವರಿಗೇನ್ ತಿಳೀತೈತಿ?" ಎನ್ನುತ್ತಿದ್ದ. ಎಂಥ ಹಟದ ಆಸಾಮಿ ಅಂತೀರಿ!

ಒಂದು ದಿನ ಗಸ್ತು ಮುಗಿಸಿ ಮರಳುವಾಗ ಹಳ್ಳ ದಾಟುತ್ತ ಅವನ ಕಾಲು ಜಾರಿತು. ಎದ್ದು ಎದೆ ಮುಟ್ಟಿ ನೋಡಿಕೊಂಡರೆ ಶಿವದಾರ ಹರಿದಿದೆ. ಕೆಂಪು ಅರಿವೆಯಲ್ಲಿ ಸುತ್ತಿದ್ದ ಲಿಂಗ ಇಲ್ಲ! ಎಳೆಗೂಸಾಗಿದ್ದಾಗ ಮಠದ ಗುರುಗಳು ಕಟ್ಟಿದ ಲಿಂಗ ಅದು. ಕತ್ತಲಾಗುವವರೆಗೆ ಆ ಮಂಜಿನಂಥ ನೀರಲ್ಲಿ ತಡಕಾಡಿದ. ಸಿಗಲಿಲ್ಲ. ಅಲ್ಲಿಂದ ಅನ್ನ ನೀರು ಬಿಟ್ಟ.

ಜತೆಯವರು ಮೊದಲು ಬೇಡಿಕೊಂಡರು, ಆಮೇಲೆ ಬೈದರು. ಕ್ಯಾಪ್ಟನ್ ಸಾಹೇಬರೇ ಬಂದು ಹುಕುಂ ಮಾಡಿದರೂ ತಟ್ಟೆ ಮುಟ್ಟಲಿಲ್ಲ. ಎರಡು ದಿನ ಕಳೆಯುವಷ್ಟರಲ್ಲಿ ಹಾಸಿಗೆ ಹಿಡಿದ. ಹಿಮಗಾಳಿಯಲ್ಲಿ ಹೆಲಿಕಾಪ್ಟರ್ ಬರುವಂತಿಲ್ಲ. ಇನ್ನೂ ಹೀಗೇ ಬಿಟ್ಟರೆ ಆ ಚಳಿಯಲ್ಲಿ ಜೀವ ಉಳಿಯುವುದಿಲ್ಲ. ಕ್ಯಾಪ್ಟನ್ನರು ಕೊನೆಗೆ ಮೌಲ್ವಿಗಳ ಬಳಿ ಬಂದು, "ನೀವಾದರೂ ಹೇಳಿ ಉಣಿಸಿ. ಇದು ನಿಮ್ಮ ಡ್ಯೂಟಿ" ಎಂದರು.

ದಸ್ತಗೀರಸಾಹೇಬರು ಹೋಗಿ ಅವನ ಮಂಚದ ತುದಿಯಲ್ಲಿ ಕುಳಿತರು. ಅಡಿವೆಪ್ಪ ಗೋಡೆಯ ಕಡೆ ಮುಖ ತಿರುಗಿಸಿದ.

"ನೀವೂ ಉಣ್ಣು ಅಂತ ಹೇಳಾಕ ಬಂದೀರೇನ್ರಿ?"

"ಇಲ್ಲಪಾ. ಎಲ್ಲಿ ಬಿತ್ತು, ಅಷ್ಟು ಹೇಳು."

ಬಂದು ಹೋದ ಅಷ್ಟು ಮಂದಿಯಲ್ಲಿ ಈ ಮಾತನ್ನು ಯಾರೂ ಕೇಳಿರಲಿಲ್ಲ. ಅಡಿವೆಪ್ಪನಿಗೆ ಅಳು ಒತ್ತರಿಸಿ ಬಂತು. ದೊಡ್ಡ ಬಂಡೆಯ ಕೆಳಗೆ, ಹಳ್ಳ ತಿರುಗುವಲ್ಲಿ ಎಂದು ಹೇಗೋ ಹೇಳಿದ. ಸಾಹೇಬರು ಅವನ ತಲೆ ನೇವರಿಸಿ ಎದ್ದುಹೋದರು.

ಮರುದಿನ ಮಧ್ಯಾಹ್ನ ಅಡುಗೆಯವ ಓಡಿಬಂದ. "ಅಡಿವೆಪ್ಪಾ, ಏಳೋ! ಸಾಹೇಬ್ರು ಮುಂಜಾನೆ ನಮಾಜ್ ಮುಗಿಸಿ ಹೋದವರು ಹಳ್ಳದಾಗ ನಿಂತಾರ. ಹೊರಗ ಬರ್ರಿ ಅಂದ್ರ ಬರವಲ್ರು. ನಿನ್ನ ಕರೀತಾರ!"

ಅಡುಗೆಯವನ ಹೆಗಲು ಹಿಡಿದುಕೊಂಡು ಅಡಿವೆಪ್ಪ ಹೋಗಿ ನೋಡುತ್ತಾನೆ, ಬಂಡೆಯಿಂದ ಬಹಳ ಕೆಳಗೆ, ಮೊಣಕಾಲುದ್ದ ನೀರಿನಲ್ಲಿ ಸಾಹೇಬರು ನಿಂತಿದ್ದಾರೆ. ತುಟಿ ನೀಲಿಗಟ್ಟಿವೆ, ಗಡ್ಡದಲ್ಲಿ ಹಿಮ ಕಟ್ಟಿದೆ. ಅವರ ಪಾದಗಳ ಹಿಂದೆ, ಎರಡು ಕಲ್ಲುಗಳ ಸಂದಿಯಲ್ಲಿ ಸಿಕ್ಕಿಕೊಂಡ ಕೆಂಪು ಅರಿವೆಯ ಗಂಟು. ನೀರಿನ ಸೆಳೆತಕ್ಕೆ ತಮ್ಮ ಎರಡೂ ಕಾಲನ್ನು ಒಡ್ಡಿ ಅವರು ಅದನ್ನು ಕಾಯುತ್ತಿದ್ದಾರೆ!

"ಅಯ್ಯೋ, ಸಿಕ್ಕಮ್ಯಾಲ ಎತ್ತಿಕೊಂಡು ಬರೂದಲ್ಲೇನ್ರಿ!" ಎಂದು ಅಡಿವೆಪ್ಪ ಚೀರಿದ.

"ನಿನ್ನ ಅಂಗೈ ಬಿಟ್ಟು ಬ್ಯಾರೆ ಕೈ ಅದಕ್ಕ ತಾಕಬಾರದಲ್ಲ, ತಮ್ಮಾ. ಹರಕೊಂಡು ಹೋಗಬಾರದಂತ ನಿಂತೆ. ತಗೋ."

ಅಡಿವೆಪ್ಪ ನೀರಿಗಿಳಿದು ಲಿಂಗವನ್ನೆತ್ತಿ ಕಣ್ಣಿಗೊತ್ತಿಕೊಂಡ. ಕೊರಳಿಗೆ ಕಟ್ಟಿಕೊಂಡವನೇ ಅಡುಗೆಯವನೊಡನೆ ಸಾಹೇಬರನ್ನು ದಂಡೆಗೆ ತಂದು ಕೂರಿಸಿ, ಅವರ ಪಾದಗಳನ್ನು ತನ್ನ ಮಡಿಲಲ್ಲಿಟ್ಟುಕೊಂಡು ತಿಕ್ಕತೊಡಗಿದ. ಬೆರಳುಗಳು ಆಗಲೇ ಬಿಳಿಚಿ ಮರಗಟ್ಟಿದ್ದವು. "ಯಪ್ಪಾ, ಯಪ್ಪಾ" ಎಂದು ಬಿಕ್ಕಿ ಬಿಕ್ಕಿ ಅತ್ತ.

"ಅಳಬ್ಯಾಡ. ಮೊದಲ ಪೂಜಿ ಮಾಡಿಕೋ. ಆಮ್ಯಾಲ ಇಬ್ಬರೂ ಕೂಡಿ ಉಣ್ಣೂಣು, ನನಗೂ ಹಸಿವಾಗ್ಯದ" ಎಂದರು ಸಾಹೇಬರು.

ದಾರಿ ತೆರೆದ ಮೇಲೆ ಕೆಳಗಿನ ಆಸ್ಪತ್ರೆಯಲ್ಲಿ ಅವರ ಎಡಗಾಲಿನ ಬೆರಳುಗಳನ್ನು ತೆಗೆಯಬೇಕಾಯಿತು. ಕುಂಟುತ್ತ ಮರಳಿದ ಮಹನೀಯರು ಆ ಬಗ್ಗೆ ಯಾರೊಡನೆಯೂ ಚಕಾರವೆತ್ತಲಿಲ್ಲ. ಅವರು ಬಂದ ಮರುದಿನ, ಬೆಳಕು ಹರಿಯುವ ಮುನ್ನ, ಅಡಿವೆಪ್ಪ ತನ್ನ ಲಿಂಗಪೂಜೆ ಮುಗಿಸಿ, ನಮಾಜಿಗೆ ಮುಂಚೆ ಅವರ ಕೈಕಾಲು ತೊಳೆಯಲು ಬಿಸಿನೀರು ಹೊತ್ತು ಆ ಕೋಣೆಗೆ ಬಂದ. ಮಡಿಸಿಟ್ಟ ಚಾಪೆಯ ಮುಂದೆ ಹೋಗಿ ನಿಂತುಬಿಟ್ಟ.

"ಯಪ್ಪಾ, ಇದನ್ನ ನಾ ಮುಟ್ಟಬಹುದೇನ್ರಿ?"

ಸಾಹೇಬರ ಕಣ್ಣು ತುಂಬಿ ಬಂದವು. "ನೀ ಹಾಸಿದ್ರ ಬೆಚ್ಚಗಿರತದ, ಹಾಸಪಾ" ಎಂದರು.

ಆ ತುಕಡಿ ಬೆಟ್ಟದಿಂದ ಇಳಿಯುವವರೆಗೂ ಚಾಪೆ ಹಾಸುವ ಕೆಲಸವನ್ನು ಅಡಿವೆಪ್ಪ ಇನ್ನೊಬ್ಬರಿಗೆ ಬಿಟ್ಟುಕೊಡಲಿಲ್ಲ.