ಸ್ಟಿಯರಿಂಗ್ ಮತ್ತು ಕೆಂಪು ಕಾರು

ವಿಡಿಯೊ ಗೇಮ್ ಅಂಗಡಿಯೊಂದರ ಮೂಲೆಯಲ್ಲಿ ಹಳೆಯ ರೇಸಿಂಗ್ ಯಂತ್ರವಿತ್ತು. ಹೊಸ ಯಂತ್ರಗಳು ಬಂದ ಮೇಲೆ ಅದಕ್ಕೆ ನಾಣ್ಯ ಹಾಕುವವರೇ ಇರಲಿಲ್ಲ. ಆದರೂ ಗಿರಾಕಿಗಳ ಕಣ್ಣಿಗೆ ಬೀಳಲೆಂದು ಪರದೆಯ ಮೇಲೆ ಕೆಂಪು ಕಾರೊಂದು ಇಡೀ ದಿನ ತಾನಾಗಿ ಓಡುತ್ತಿತ್ತು. ಅದು ಬೆಟ್ಟದ ತಿರುವಿಗೆ ಬಂದಾಗಲೆಲ್ಲ ಯಂತ್ರದ ಸ್ಟಿಯರಿಂಗ್ ಉಸಿರು ಬಿಗಿಹಿಡಿದು ಎಡಕ್ಕೆ ಹೊರಳುತ್ತಿತ್ತು. ಕಾರು ಕಮರಿ ತಪ್ಪಿಸಿಕೊಂಡು ಮುಂದೆ ಹೋಗುತ್ತಿತ್ತು.

"ನಾನಿಲ್ಲದಿದ್ದರೆ ನಿನ್ನ ಗತಿ ಏನಾಗುತ್ತಿತ್ತೋ," ಎಂದಿತು ಸ್ಟಿಯರಿಂಗ್.

"ಯಾರಿಗೆ ಗೊತ್ತು. ನನಗೆ ರಸ್ತೆಯೊಂದೇ ಗೊತ್ತು," ಎಂದಿತು ಕಾರು.

ಒಂದು ಮಧ್ಯಾಹ್ನ ವಸುಮತಿ ಎಂಬಾಕೆ ಬಂದಳು. ಕಾಲೇಜು ದಿನಗಳಲ್ಲಿ ಅದೇ ಯಂತ್ರದ ಮುಂದೆ ಊಟ ಮರೆತು ಕೂತವಳು. ಆಸೆಪಟ್ಟು ನಾಣ್ಯ ಹಾಕಿದಳು. ಕಾರು ತಾನಾಗಿ ಓಡುವುದು ನಿಂತು ಆಟ ಅವಳ ಕೈಗೆ ಬಂತು.

"ಅಂಜಬೇಡ, ನಾನಿದ್ದೇನೆ," ಎಂದು ಸ್ಟಿಯರಿಂಗ್ ಕಾರಿಗೆ ಧೈರ್ಯ ಹೇಳಿತು.

ತಿರುವು ಬಂತು. ವಸುಮತಿ ಎರಡೂ ಕೈಯಿಂದ ಎಡಕ್ಕೆ ತಿರುಗಿಸಿದಳು. ಸ್ಟಿಯರಿಂಗ್ ಜೀವವನ್ನೆಲ್ಲ ಹಾಕಿ ಹೊರಳಿತು. ಕಾರು ನೆಟ್ಟಗೆ ಹೋಗಿ ಕಮರಿಗೆ ಬಿತ್ತು.

"ನಾನು ತಿರುಗಿದ್ದು ನಿನಗೆ ತಿಳಿಯಲಿಲ್ಲವೆ?" ಎಂದಿತು ಸ್ಟಿಯರಿಂಗ್.

"ನಿನ್ನಿಂದ ನನಗೆ ಯಾವತ್ತೂ ಏನೂ ತಿಳಿದಿಲ್ಲ," ಎಂದಿತು ಕಾರು.

ವಸುಮತಿ ಬಗ್ಗಿ ನೋಡಿದಳು. "ಅಣ್ಣ, ಸ್ಟಿಯರಿಂಗಿನ ವೈರು ಕಿತ್ತುಹೋಗಿದೆಯಲ್ಲ."

"ಅದು ಕಿತ್ತು ವರ್ಷಗಳೇ ಆದವು ಅಕ್ಕ," ಎಂದ ಅಂಗಡಿಯವನು. "ಕಾರು ಹೇಗೂ ಓಡುತ್ತೆ, ನೋಡೋಕೆ ಚೆನ್ನಾಗಿರುತ್ತೆ ಅಂತ ಬಿಟ್ಟಿದೀನಿ."

ಅವಳು ಹೊರಟುಹೋದಳು. ಪರದೆಯ ಮೇಲೆ ಕೆಂಪು ಕಾರು ಮತ್ತೆ ತಾನಾಗಿ ಹೊರಟಿತು. ತಿರುವು ಬಂದಾಗ ಸ್ಟಿಯರಿಂಗ್ ಅಲುಗಲಿಲ್ಲ. ಕಾರು ಎಂದಿನ ಹಾಗೆ ಸಲೀಸಾಗಿ ಎಡಕ್ಕೆ ತಿರುಗಿ ಮುಂದೆ ಹೋಯಿತು.